ಏನು ಬರುತ್ತದೆ ಇದರಿಂದ?

ನಮ್ಮ ಕಡೆಯ ಮನೆಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಪ್ರಶ್ನೆಗಳು ಎರಡು. ಒಂದು, ‘ಊಟ ಆತೇನು?’ ಇನ್ನೊಂದು, ‘ಏನ ಬರ್ತೈತಿ ಇದರಿಂದ?’ ಮೊದಲನೆಯದು ಪ್ರೀತಿಯ ಪ್ರಶ್ನೆ; ಉತ್ತರ ಕೊಡುವುದು ಸುಲಭ. ಎರಡನೆಯದಕ್ಕೆ ಉತ್ತರ ಹೊಳೆಯದೆ ಎಷ್ಟೋ ಹೆಣ್ಣುಮಕ್ಕಳು ಕೈಯಲ್ಲಿದ್ದ ಕುಂಚವನ್ನೋ, ಹಾರ್ಮೋನಿಯಂ ಪೆಟ್ಟಿಗೆಯನ್ನೋ ಅಟ್ಟಕ್ಕೆ ಏರಿಸಿದ್ದನ್ನು ನಾನು ಕಂಡಿದ್ದೇನೆ. ನೀವೂ ಕಂಡಿರುತ್ತೀರಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದರೆ ದುಡಿಮೆಯ ಸೀಮೆ. ಕೃಷ್ಣೆಯ ದಂಡೆಗೆ ಕಬ್ಬು, ನಿಪ್ಪಾಣಿಯ ಸುತ್ತ ತಂಬಾಕು, ಅಥಣಿಯ ಓಣಿಗಳಲ್ಲಿ ಚಪ್ಪಲಿಯ ಹೆಣಿಗೆ. ಸುಮ್ಮನೆ ಕುಳಿತವರನ್ನು ಕಂಡರೆ ಇಲ್ಲಿಯ ಜನಕ್ಕೆ ಆಗದು. ಮಾಡಲು ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದ ಎಂಬ ಗಾದೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಕಾಯಕಕ್ಕೆ ಇಷ್ಟು ಬೆಲೆ ಕೊಟ್ಟ ನಾಡು ಬೇರೆ ಎಲ್ಲಿದೆ? ಆದರೆ ಒಂದು ವಿಚಿತ್ರ ನೋಡಿ. ಪ್ರವಚನದಲ್ಲಿ ಫಲದ ಆಸೆ ಬಿಟ್ಟು ಕರ್ಮ ಮಾಡಬೇಕು ಎಂಬ ಮಾತಿಗೆ ತಲೆದೂಗಿ ಬಂದವರೇ, ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ‘ಏನ ಬರ್ತೈತಿ ಇದರಿಂದ?’ ಎಂದು ಮಕ್ಕಳನ್ನು ಗದರುತ್ತಾರೆ. ಯಾವ ಪ್ರಯೋಜನಕ್ಕೂ ಅಲ್ಲದ, ದುಡ್ಡೂ ಬಾರದ ಕೆಲಸವೊಂದನ್ನು ಮನುಷ್ಯರು ಮನಸ್ಸಿಟ್ಟು ಮಾಡುವುದು ಸರಿಯೇ? ಸರಿಯಾದರೆ ಯಾಕೆ ಸರಿ? ಈ ಪ್ರಶ್ನೆ ನನ್ನ ತಲೆಯಲ್ಲಿ ಗಟ್ಟಿಯಾಗಿ ಕುಳಿತದ್ದು ನನ್ನ ತಂಗಿಯ ಮಗಳಿಂದ.

ಚಿಕ್ಕೋಡಿಯಲ್ಲಿರುವ ಈ ಹುಡುಗಿಗೆ ಹ್ಯಾಮ್ ರೇಡಿಯೊದ ಹುಚ್ಚು. ಹವ್ಯಾಸಿ ರೇಡಿಯೊ ಎಂದೂ ಅದಕ್ಕೆ ಹೆಸರು. ನಮ್ಮ ಧಾರವಾಡದ ಆಕಾಶವಾಣಿಯಂತೆ ಅದು ಕೇಳುವ ರೇಡಿಯೊ ಮಾತ್ರವಲ್ಲ. ಕೇಳುವುದೂ ಮಾತಾಡುವುದೂ ಎರಡೂ ಉಂಟು. ಮನೆಯಲ್ಲಿ ಕುಳಿತು ಒಂದು ಚಿಕ್ಕ ಯಂತ್ರ, ಒಂದು ತಂತಿ ಇಟ್ಟುಕೊಂಡು ಬೇರೆ ಊರಿನ, ಬೇರೆ ದೇಶದ ಹವ್ಯಾಸಿಗಳ ಜೊತೆ ಮಾತಾಡುವುದು. ಮೊಬೈಲ್ ಕಂಪನಿ ಬೇಡ, ಟವರ್ ಬೇಡ, ನಡುವೆ ಯಾರೂ ಬೇಡ. ಆದರೆ ಮನಸ್ಸಿಗೆ ಬಂದಂತೆ ಶುರು ಮಾಡುವಂತಿಲ್ಲ. ಕೇಂದ್ರ ಸರಕಾರ ನಡೆಸುವ ಪರೀಕ್ಷೆಯಲ್ಲಿ ಪಾಸಾಗಬೇಕು, ಲೈಸೆನ್ಸ್ ಪಡೆಯಬೇಕು. ಹನ್ನೆರಡು ವರ್ಷ ತುಂಬಿದ ಯಾರಾದರೂ ಪರೀಕ್ಷೆಗೆ ಕೂಡಬಹುದು. ಪಾಸಾದವರಿಗೆ ‘ವಿ.ಯು.’ ಎಂದು ಶುರುವಾಗುವ ಒಂದು ಕರೆಗುರುತು ಸಿಗುತ್ತದೆ. ಜಗತ್ತಿನಲ್ಲಿ ಅದು ಮತ್ತೊಬ್ಬರಿಗೆ ಇರುವುದಿಲ್ಲ. ಗಂಡನ ಹೆಸರು, ಅಡ್ಡಹೆಸರು, ಊರಿನ ಹೆಸರು ಯಾವುದೂ ಸೇರದ ಒಂದು ಗುರುತು ಹೆಣ್ಣುಮಗಳೊಬ್ಬಳಿಗೆ ಸರಕಾರದಿಂದ ಬರುವುದು ನನಗಂತೂ ಸಣ್ಣ ಸಂಗತಿ ಎನ್ನಿಸಲಿಲ್ಲ.

ಆ್ಯಂಟೆನಾ ಎಂದರೆ ಬಹಳ ದೊಡ್ಡ ವಿಜ್ಞಾನವೆಂದು ಹೆದರಬೇಡಿ. ನಮ್ಮ ವಯಸ್ಸಿನವರೆಲ್ಲ ಒಂದಲ್ಲ ಒಂದು ಕಾಲಕ್ಕೆ ಆ್ಯಂಟೆನಾದ ಸೇವೆ ಮಾಡಿದವರೇ. ಚಿಕ್ಕವರಿದ್ದಾಗ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದ ತಾಮ್ರದ ಜಾಲರಿ ಪಟ್ಟಿ ನೆನಪಿದೆಯೇ? ರೇಡಿಯೊಕ್ಕೆ ಅದು ಕಿವಿ. ಮುಂದೆ 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಮಾಳಿಗೆಯ ಮೇಲೆ ಅಲ್ಯುಮಿನಿಯಂ ಕಡ್ಡಿಗಳ ಏಣಿಯಂಥ ಆ್ಯಂಟೆನಾ ಬಂತು. ಭಾನುವಾರ ಬೆಳಿಗ್ಗೆ ಗಂಡಸರು ಮೇಲೆ ಹತ್ತಿ ಅದನ್ನು ತಿರುಗಿಸುವರು, ನಾವು ಬಾಗಿಲಲ್ಲಿ ನಿಂತು ಟಿ.ವಿ. ನೋಡುತ್ತ ಕೂಗುವೆವು: ‘ಬಂತು, ಬಂತು... ಹೋತು! ಇನ್ನೊಂದೀಟ ಆಕಡೆ ತಿರುಗಸ್ರಿ!’ ಮೇಲಿದ್ದವರು ಎಂಜಿನಿಯರರು, ಕೆಳಗಿದ್ದವರು ಕೂಗುವವರು. ಈಗ ಯೋಚಿಸಿದರೆ, ಚಿತ್ರ ಬಂತೋ ಇಲ್ಲವೋ ಎಂದು ಕಣ್ಣಿಟ್ಟು ನೋಡಿ ಹೇಳುವವರು ಇಲ್ಲದಿದ್ದರೆ ಆ ಎಂಜಿನಿಯರರಿಗೆ ದಿಕ್ಕೇ ತಿಳಿಯುತ್ತಿರಲಿಲ್ಲ.

ತಂಗಿಯ ಮಗಳು ಕಟ್ಟಿದ್ದು ಅದಕ್ಕಿಂತಲೂ ಸರಳವಾದದ್ದು. ಲೆಕ್ಕ ಇಷ್ಟೇ: 468 ಎಂಬ ಸಂಖ್ಯೆಯನ್ನು ನೀವು ಮಾತಾಡಬೇಕೆಂದಿರುವ ಮೆಗಾಹರ್ಟ್ಸ್‌ನಿಂದ ಭಾಗಿಸಬೇಕು. ಬಂದದ್ದು ಅಡಿಗಳಲ್ಲಿ ತಂತಿಯ ಉದ್ದ. ಆಕೆಗೆ ಬೇಕಾದದ್ದು 7.1. ಭಾಗಿಸಿದರೆ ಸುಮಾರು 66 ಅಡಿ. ಆ ತಂತಿಯನ್ನು ನಟ್ಟನಡುವೆ ಕತ್ತರಿಸಿ 33 ಅಡಿಯ ಎರಡು ತೋಳು ಮಾಡಿ, ನಡುವಿನಿಂದ ಕೇಬಲ್ ಇಳಿಸಿದರೆ ಆ್ಯಂಟೆನಾ ಆಯಿತು. ತುದಿಗಳಿಗೆ ಪ್ಲಾಸ್ಟಿಕ್ ನೀರಿನ ಪೈಪಿನ ತುಂಡು, ನಡುವೆ ಎತ್ತಲು ಒಂದು ಬಿದಿರ ಗಳ. ಅವರ ಮಾಳಿಗೆ 66 ಅಡಿ ಉದ್ದವಿಲ್ಲ. ಹಾಗಾಗಿ ನಡುವನ್ನು ಬಿದಿರಿನ ಮೇಲೆ ಏರಿಸಿ, ಎರಡು ತೋಳುಗಳನ್ನೂ ಗುಡಿಸಲ ಮಾಡಿನಂತೆ ಇಳಿಜಾರು ಬಿಟ್ಟಳು. ಒಂದು ತುದಿ ಹಿತ್ತಲ ಬೇವಿನ ಮರಕ್ಕೆ, ಇನ್ನೊಂದು ಪಕ್ಕದ ಮನೆಯ ಮಾಳಿಗೆಯ ಕಟ್ಟೆಗೆ.

ಪಕ್ಕದ ಮನೆಯ ಕಟ್ಟೆ ಎಂದಮೇಲೆ ಕೇಳಬೇಕಲ್ಲ. ಹುಡುಗಿ ತಾನೇ ಹೋಗಿ ಕೇಳಿದಳು. ಆ ಮನೆಯ ವೈನಿ, ‘ಅದರಾಗ ಕರೆಂಟ್ ಬರ್ತೈತೇನವಾ? ಅರಬಿ ಒಣಗ ಹಾಕಿದ್ರ ನಡೀತೈತಿಲ್ಲೋ?’ ಎಂದು ಕೇಳಿದರಂತೆ. ಆಕೆ ಮುಚ್ಚುಮರೆ ಮಾಡದೆ, ಮಾತಾಡುವಾಗ ತಂತಿಯ ತುದಿಯಲ್ಲಿ ಮುಟ್ಟಬಾರದಷ್ಟು ವೋಲ್ಟೇಜ್ ಇರುತ್ತದೆ, ಅದಕ್ಕೇ ಮಕ್ಕಳ ಕೈಗೆ ಸಿಗದ ಎತ್ತರಕ್ಕೆ ಕಟ್ಟುತ್ತೇನೆ, ವಿದ್ಯುತ್ ಕಂಬದ ತಂತಿಯಿಂದ ದೂರ ಇಡುತ್ತೇನೆ, ಗುಡುಗು ಬಂದರೆ ಕೇಬಲ್ ಕಿತ್ತಿಡುತ್ತೇನೆ, ನಿಮ್ಮ ಟಿ.ವಿ.ಗೆ ತೊಂದರೆಯಾದರೆ ಅದೇ ಕ್ಷಣ ನಿಲ್ಲಿಸುತ್ತೇನೆ ಎಂದು ಎಲ್ಲ ಹೇಳಿದಳು. ವೈನಿ ಒಪ್ಪಿದರು. ಈ ಮಾತನ್ನು ಇಷ್ಟು ವಿವರವಾಗಿ ಯಾಕೆ ಹೇಳಿದೆನೆಂದು ಮುಂದೆ ತಿಳಿಯುತ್ತದೆ.

ಅಂಗಡಿಯಿಂದ ಪೆಟ್ಟಿಗೆ ತಂದು ಗುಂಡಿ ಒತ್ತಿದ್ದರೆ ಮನೆಯವರು ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಇವಳು ಯಂತ್ರವನ್ನೂ ತಾನೇ ಕಟ್ಟಿದಳು. ಸಂಜೆಯಾದರೆ ಬೆಸುಗೆಯ ಹೊಗೆ, ಹಾಸಿಗೆಯ ಮೇಲೆ ತಂತಿಯ ಚೂರು. ತಂಗಿಯ ಅತ್ತೆ ಎಂಬತ್ತು ದಾಟಿದವರು, ದೊಡ್ಡ ಜೀವ. ಒಂದು ವಾರ ನೋಡಿ ಕೊನೆಗೆ ಕೇಳಿಯೇಬಿಟ್ಟರು: ‘ಇಷ್ಟೆಲ್ಲಾ ಮಾಡಿ ಏನ ಬರ್ತೈತವಾ ಇದರಿಂದ?’

ಹುಡುಗಿ ಜಾಣೆ. ‘ಆಯಿ, ಹೊಳಿ ಬಂದಾಗ ಉಪಯೋಗಕ್ಕ ಬರ್ತೈತಿ’ ಎಂದಳು.

ಹೊಳೆಯ ಹೆಸರು ಹೇಳಿದರೆ ನಮ್ಮ ಸೀಮೆಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ. 2019ರ ಆಗಸ್ಟ್ ತಿಂಗಳು ಯಾರಿಗೆ ಮರೆತಿದೆ? ಕೃಷ್ಣೆ, ದೂಧಗಂಗೆ, ವೇದಗಂಗೆ ಮೂರೂ ಉಕ್ಕಿ ಬಂದವು. ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೇ ನೀರು ನಿಂತು ಸಂಚಾರ ಬಂದಾಯಿತು. ತಗ್ಗಿನ ಸೇತುವೆಗಳೆಲ್ಲ ಮುಳುಗಿ ಹಳ್ಳಿಗಳು ನಡುಗಡ್ಡೆಗಳಾದವು. 2021ರ ಜುಲೈಯಲ್ಲಿ ಮತ್ತೆ ಅದೇ ಕಥೆ. ಕರೆಂಟ್ ಹೋಗಿ, ಕೈಯಲ್ಲಿರುವ ಮೊಬೈಲಿನ ಬ್ಯಾಟರಿ ಮುಗಿದರೆ ಆಚೆ ದಂಡೆಯ ಅಕ್ಕ-ತಂಗಿಯರು ಸುಖವಾಗಿದ್ದಾರೋ ಇಲ್ಲವೋ ಎಂದು ತಿಳಿಯುವ ದಾರಿಯಿಲ್ಲ. ಕಾರಿನ ಒಂದು ಬ್ಯಾಟರಿ, 66 ಅಡಿ ತಂತಿ ಇದ್ದರೆ ನೂರಾರು ಮೈಲಿ ಮಾತಾಡಬಹುದು ಎಂದರೆ ಯಾವ ಆಯಿಯಾದರೂ ಒಪ್ಪುತ್ತಾರೆ. ಒಪ್ಪಿದರು ಕೂಡ.

ಉತ್ತರ ಸುಳ್ಳಲ್ಲ. ಆದರೂ ನನಗೆ ಸಮಾಧಾನವಾಗಲಿಲ್ಲ. ಹೊಳೆ ಬರುವುದಿಲ್ಲ ಎಂದು ಇಟ್ಟುಕೊಳ್ಳಿ. ಇಪ್ಪತ್ತು ವರ್ಷ ಮಳೆ ಹದವಾಗಿ ಆಗಲಿ, ಆಗಲೆಂದೇ ನಮ್ಮ ಹಾರೈಕೆ. ಆಗ ಈ ಹುಡುಗಿಯ ಇಪ್ಪತ್ತು ವರ್ಷದ ಸಂಜೆಗಳು ವ್ಯರ್ಥವಾದವೇ? ಅವಳ ಸಂತೋಷಕ್ಕೆ ಊರಿನ ಸಂಕಟವೇ ಜಾಮೀನು ನಿಲ್ಲಬೇಕೇ?

ಈ ರೇಡಿಯೊದ ಚರಿತ್ರೆಯಲ್ಲಿಯೇ ಇದಕ್ಕೊಂದು ಚಂದದ ನಿದರ್ಶನವಿದೆ. 1912ರಲ್ಲಿ ಅಮೆರಿಕ ಸರಕಾರ ರೇಡಿಯೊ ಕಾಯಿದೆ ಮಾಡಿತು. ದೂರ ಹೋಗುವುದು ಉದ್ದ ಅಲೆಗಳು ಮಾತ್ರ ಎಂದು ಆ ಕಾಲದ ಪಂಡಿತರ ನಂಬಿಕೆ. ಒಳ್ಳೆಯ ಅಲೆಗಳನ್ನೆಲ್ಲ ಹಡಗು, ಸೈನ್ಯ, ಕಂಪನಿಗಳಿಗೆ ಹಂಚಿ, 200 ಮೀಟರಿಗಿಂತ ಗಿಡ್ಡ ಅಲೆಗಳು ಯಾವ ಕೆಲಸಕ್ಕೂ ಬಾರದವು, ಹವ್ಯಾಸಿಗಳು ಬೇಕಾದರೆ ಅಲ್ಲಿ ಆಡಿಕೊಳ್ಳಲಿ ಎಂದು ಬಿಟ್ಟುಕೊಟ್ಟಿತು. ಊಟವಾದ ಮೇಲೆ ಉಳಿದದ್ದನ್ನು ಹಿತ್ತಲ ಬಾಗಿಲಲ್ಲಿ ಕೊಡುವಂತೆ. ಹವ್ಯಾಸಿಗಳು ಆ ಉಳಿಕೆಯಲ್ಲಿಯೇ ತಂತಿ ಸುತ್ತಿದರು, ಕೇಳಿದರು, ಮತ್ತೆ ಸುತ್ತಿದರು. 1921ರ ಡಿಸೆಂಬರಿನಲ್ಲಿ ಅಮೆರಿಕದ ಹವ್ಯಾಸಿಗಳ ಸಂಕೇತ ಅಟ್ಲಾಂಟಿಕ್ ಸಾಗರ ದಾಟಿ ಸ್ಕಾಟ್ಲೆಂಡಿನಲ್ಲಿ ಕೇಳಿಸಿತು. 1923ರ ನವೆಂಬರಿನಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ಹವ್ಯಾಸಿಗಳು ಸಾಗರದ ಎರಡು ದಂಡೆಗಳಿಂದ ಪರಸ್ಪರ ಮಾತು ನಡೆಸಿದರು. ಗಿಡ್ಡ ಅಲೆಗಳು ಮೇಲೆ ಹೋಗಿ, ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ವಿದ್ಯುತ್ ತುಂಬಿದ ಗಾಳಿಯ ಪದರಕ್ಕೆ ತಾಗಿ ಮತ್ತೆ ಭೂಮಿಗೆ ಇಳಿಯುತ್ತವೆ; ಅದಕ್ಕೇ ಅಷ್ಟು ದೂರ ಸಾಗುತ್ತವೆ. ಬೇಡವೆಂದು ಎಸೆದದ್ದೇ ಎಲ್ಲಕ್ಕಿಂತ ದೂರ ಹೋಗುವ ದಾರಿಯಾಯಿತು.

ನಮ್ಮ ದೇಶದಲ್ಲಿಯೂ ರೇಡಿಯೊ ಕಟ್ಟಬಲ್ಲ ಕೈಗಳು ಅನಿರೀಕ್ಷಿತವಾಗಿ ಬೇಕಾದ ಕಾಲ ಬಂದಿತ್ತು. 1942ರ ಚಲೇಜಾವ್ ಚಳವಳಿಯಲ್ಲಿ ಮುಂದಾಳುಗಳೆಲ್ಲ ಜೈಲಿಗೆ ಹೋದಾಗ, 22 ವರ್ಷದ ಉಷಾ ಮೆಹತಾ ಮತ್ತು ಗೆಳೆಯರು ಮುಂಬಯಿಯಲ್ಲಿ ಗುಪ್ತವಾಗಿ ಕಾಂಗ್ರೆಸ್ ರೇಡಿಯೊ ನಡೆಸಿದರು. ಆಗಸ್ಟಿನಿಂದ ನವೆಂಬರಿನ ತನಕ, ಜಾಗ ಬದಲಿಸುತ್ತ, ಪೊಲೀಸರ ಕಣ್ಣು ತಪ್ಪಿಸುತ್ತ. ಅಂದಿನ ಕಾಯಿದೆಯನ್ನು ಅವರು ಮುರಿದರು, ಅದಕ್ಕೆ ಜೈಲನ್ನೂ ಅನುಭವಿಸಿದರು. ಅದು ಹವ್ಯಾಸವಲ್ಲ, ಹೋರಾಟ. ಆದರೆ ಯಂತ್ರ ಕಟ್ಟುವ ವಿದ್ಯೆ ಯಾರಾದರೊಬ್ಬರ ಬೆರಳುಗಳಲ್ಲಿ ಮೊದಲೇ ಇರದಿದ್ದರೆ ಆ ಹೋರಾಟಕ್ಕೆ ದನಿಯೇ ಇರುತ್ತಿರಲಿಲ್ಲ.

ಇನ್ನೂ ಹತ್ತಿರದ ಮಾತು ಅಂಡಮಾನಿನದು. ಅಲ್ಲಿಂದ ಹವ್ಯಾಸಿ ರೇಡಿಯೊ ಮಾತಾಡುವುದಕ್ಕೆ ಸುಲಭವಾಗಿ ಪರವಾನಗಿ ಸಿಗುತ್ತಿರಲಿಲ್ಲ. ಅಪರೂಪದ ಜಾಗವೆಂದು ಜಗತ್ತಿನ ಹವ್ಯಾಸಿಗಳು ಆ ದ್ವೀಪದ ದನಿ ಕೇಳಲು ಕಾದಿದ್ದರು. ಭಾರತಿ ಪ್ರಸಾದ್ ಎಂಬ ಮಹಿಳೆ ಛಲ ಬಿಡದೆ ಪ್ರಯತ್ನಿಸಿ ಪರವಾನಗಿ ಪಡೆದು, 2004ರ ಡಿಸೆಂಬರಿನಲ್ಲಿ ತಂಡದೊಂದಿಗೆ ಪೋರ್ಟ್ ಬ್ಲೇರಿಗೆ ಹೋದರು. ಹೋದದ್ದು ಯಾರನ್ನೂ ಉಳಿಸಲು ಅಲ್ಲ. ಅಪರೂಪದ ಜಾಗದಿಂದ ಆದಷ್ಟು ಹೆಚ್ಚು ಜನಕ್ಕೆ ‘ನಿಮ್ಮ ದನಿ ಕೇಳಿಸಿತು’ ಎಂದು ಹೇಳಲು, ಅಷ್ಟೇ. ‘ಏನ ಬರ್ತೈತಿ ಇದರಿಂದ?’ ಎಂದು ಆಗ ಕೇಳಿದ್ದರೆ ಅವರು ಏನು ಹೇಳುತ್ತಿದ್ದರೋ. ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಬಂತು. ಕರೆಂಟ್ ಇಲ್ಲ, ಟೆಲಿಫೋನ್ ಇಲ್ಲ. ಮೂರು ವಾರದಿಂದ ಹವಾಮಾನ, ಹೆಸರು, ಊರು ಎಂದು ಹರಟುತ್ತಿದ್ದ ಆ ರೇಡಿಯೊದಿಂದಲೇ ದ್ವೀಪದ ಸುದ್ದಿ ಮುಖ್ಯಭೂಮಿಗೆ ಹೋಯಿತು. ಬದುಕಿ ಉಳಿದವರ ಕ್ಷೇಮಸಮಾಚಾರ ಅವರವರ ಮನೆಗಳಿಗೆ ತಲುಪಿತು. ಪರಿಹಾರ ಕೆಲಸಕ್ಕೆಂದೇ ಹೊರಟ ಯಾವ ತಂಡವೂ ಆ ಗಳಿಗೆಗೆ ಅಲ್ಲಿ ಸಿದ್ಧವಾಗಿ ಇರಲು ಸಾಧ್ಯವಿರಲಿಲ್ಲ. ಯಾವ ಉಪಯೋಗಕ್ಕೂ ಅಲ್ಲದೆ ಹೋದವರು ಇದ್ದರು.

ಹಾಗಾದರೆ ಉಪಯೋಗ ಇದ್ದೇ ಇದೆ, ತಡವಾಗಿ ಬರುತ್ತದೆ ಅಷ್ಟೇ ಎಂದು ಕೈತೊಳೆದುಕೊಳ್ಳಬಹುದು. ಅದೂ ಪೂರ್ತಿ ಪ್ರಾಮಾಣಿಕವಲ್ಲ. ಅಂಡಮಾನಿನ ಅಂಥ ಬೆಳಗು ಎಲ್ಲರಿಗೂ ಒದಗುವುದಿಲ್ಲ. ಜಗತ್ತಿನಲ್ಲಿ ಲಕ್ಷಾಂತರ ಹವ್ಯಾಸಿಗಳಿದ್ದಾರೆ. ಅವರಲ್ಲಿ ಬಹುಪಾಲು ಜನ ಜೀವನದುದ್ದಕ್ಕೂ ಒಂದು ಜೀವವನ್ನೂ ಉಳಿಸದೆ, ‘ಇಲ್ಲಿ ಮಳೆ, ನಿಮ್ಮಲ್ಲಿ ಹೇಗೆ?’ ಎಂದು ಮಾತಾಡಿಯೇ ಹೋಗುತ್ತಾರೆ. ಅಂತರರಾಷ್ಟ್ರೀಯ ನಿಯಮ ಬಹುಕಾಲ ಹೇಳಿದ್ದೇ ಹಾಗೆ: ಹವ್ಯಾಸಿಗಳು ಯಂತ್ರದ ಪ್ರಯೋಗದ ಬಗ್ಗೆ ಮಾತಾಡಬಹುದು, ಇಲ್ಲವೇ ದುಡ್ಡು ಕೊಟ್ಟು ತಂತಿ ಕಳಿಸುವಷ್ಟು ಮಹತ್ವವಿಲ್ಲದ ಸ್ವಂತದ ಮಾತುಗಳನ್ನು ಆಡಬಹುದು. ವ್ಯಾಪಾರದ ಮಾತು ಕೂಡದು, ಸಂಪಾದನೆ ಕೂಡದು. ಇದನ್ನು ಓದಿದಾಗ ನನಗೆ ನಗು ಬಂತು. ಮಹತ್ವವಿಲ್ಲದ ಮಾತಿಗೆಂದೇ ಆಕಾಶದಲ್ಲಿ ಜಗತ್ತಿನ ಸರಕಾರಗಳೆಲ್ಲ ಕೂಡಿ ಒಂದು ಜಾಗ ಕಾದಿರಿಸಿವೆ! ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಅಂಥ ಒಂದು ಮೂಲೆಯನ್ನಾದರೂ ಯಾರು ಕಾದಿರಿಸಿದ್ದಾರೆ?

ದುಡ್ಡು ಬಾರದ ಕೆಲಸ ಹೆಣ್ಣಿಗೆ ಹೊಸದೇನಲ್ಲ. ನಸುಕಿನಿಂದ ರಾತ್ರಿಯ ತನಕ ಆಕೆ ಮಾಡುವುದೆಲ್ಲ ಅದೇ. ಆದರೆ ಅದಕ್ಕೆ ಹವ್ಯಾಸವೆನ್ನುವುದಿಲ್ಲ, ಕರ್ತವ್ಯವೆನ್ನುತ್ತಾರೆ. ಬಾಗಿಲ ಮುಂದಿನ ರಂಗೋಲಿಯನ್ನು ನೋಡಿ. ನಸುಕಿನಲ್ಲಿ ಬರೆದದ್ದು ಮಧ್ಯಾಹ್ನದೊಳಗೆ ತುಳಿತಕ್ಕೆ ಸಿಕ್ಕಿ ಅಳಿಸುತ್ತದೆ. ಅದರಿಂದ ಏನು ಬರುತ್ತದೆಂದು ಯಾರೂ ಕೇಳುವುದಿಲ್ಲ. ಹಾಕದಿದ್ದರೆ ಮಾತ್ರ ಕೇಳುತ್ತಾರೆ. ಹೆಣ್ಣು ನಿರುಪಯೋಗಿ ಕೆಲಸ ಮಾಡಬಾರದು ಎಂಬುದು ಜನರ ಆಕ್ಷೇಪವಲ್ಲ. ತಾನಾಗಿ ಆರಿಸಿಕೊಂಡ ನಿರುಪಯೋಗಿ ಕೆಲಸ ಮಾಡಬಾರದು ಎಂಬುದು ಆಕ್ಷೇಪ. ಅದೇ ಮನೆಯಲ್ಲಿ ಈ ಹುಡುಗಿಯ ಅಣ್ಣ ಸಂಜೆಯೆಲ್ಲ ಕೇರಂ ಆಡಿ ಬರುತ್ತಾನೆ. ಕೇರಂನಿಂದ ಏನು ಬರುತ್ತದೆಂದು ಆಯಿ ಕೇಳಿದ್ದನ್ನು ನಾನು ಕೇಳಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಚಪ್ಪಾಳೆ ಬೀಳಬಹುದು. ಆದರೆ ಎದುರು ಮಾತೊಂದು ಗಟ್ಟಿಯಾಗಿಯೇ ಇದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ಹಿರಿಯರು ಸುಮ್ಮನೆ ಅಂದಿಲ್ಲ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಕೂಲಿ ಸಿಗುವುದು ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಅವರ ಒಂದು ತಾಸು ಎಂದರೆ ಇಷ್ಟು ಬೀಡಿ, ಇಷ್ಟು ದುಡ್ಡು. ಅವರ ಮುಂದೆ ನಿಂತು ‘ನಿಷ್ಪ್ರಯೋಜಕ ಕೆಲಸದ ಸೊಗಸು’ ಎಂದು ಭಾಷಣ ಮಾಡಲು ನನಗೆ ಬಾಯಿ ಬರುವುದಿಲ್ಲ. ಇನ್ನೂ ಹತ್ತಿರ ಬಂದರೆ, ಹುಡುಗಿ ಬೆಸುಗೆ ಹಾಕುವಾಗ ಅವಳ ಪಾಲಿನ ಪಾತ್ರೆ ತೊಳೆದವಳು ನನ್ನ ತಂಗಿ. ಮಗಳ ಬಿಡುವು ತಾಯಿಯ ದುಡಿಮೆಯ ಮೇಲೆ ನಿಂತಿತ್ತು. ಒಬ್ಬರ ಹವ್ಯಾಸ ಇನ್ನೊಬ್ಬರ ಬೆನ್ನೇರಿ ಕುಳಿತರೆ ಅದು ಎಷ್ಟೇ ಸುಂದರವಾಗಿದ್ದರೂ ನ್ಯಾಯವಲ್ಲ. ನಮ್ಮ ಎಷ್ಟೋ ಗಂಡಸರ ಸಂಗೀತ, ಸಾಹಿತ್ಯ, ಇಸ್ಪೀಟು ಎಲ್ಲವೂ ಹೀಗೆ ಅಡುಗೆಮನೆಯ ಹೆಗಲ ಮೇಲೆ ನಿಂತದ್ದೇ.

ಆದ್ದರಿಂದ ‘ಏನು ಬರುತ್ತದೆ’ ಎಂಬ ಪ್ರಶ್ನೆಯೇ ಜಾಗ ತಪ್ಪಿ ಕುಳಿತಿದೆ ಎಂದು ನನಗೆ ಅನ್ನಿಸತೊಡಗಿತು. ಕೇಳಬೇಕಾದದ್ದು ಬೇರೆ: ಇದರ ಭಾರ ಯಾರು ಹೊರುತ್ತಿದ್ದಾರೆ? ಮತ್ತು ಇಂಥ ಬಿಡುವು ಯಾರಿಗೆ ಸಿಗುತ್ತಿಲ್ಲ? ಬೀಡಿ ಕಟ್ಟುವ ಅಕ್ಕನಿಗೆ ಬಿಡುವಿಲ್ಲ ಎಂಬುದು, ಬಿಡುವು ಕೆಟ್ಟದ್ದು ಎಂಬುದಕ್ಕೆ ಆಧಾರವಲ್ಲ. ಅವಳಿಂದ ಅದನ್ನು ಕಿತ್ತುಕೊಳ್ಳಲಾಗಿದೆ ಎಂಬುದಕ್ಕೆ ಆಧಾರ. ಹಸಿದವರಿದ್ದಾರೆಂದು ಊಟವೇ ತಪ್ಪೆನ್ನುವುದಿಲ್ಲ ನಾವು, ಹಂಚಬೇಕು ಎನ್ನುತ್ತೇವೆ. ಬಿಡುವಿಗೂ ಅದೇ ನ್ಯಾಯ.

ಕೈಯಾರೆ ಕಟ್ಟುವವರ ಲೋಕದಲ್ಲಿ ಈ ಹಂಚಿಕೆಯ ಬುದ್ಧಿ ಸ್ವಲ್ಪ ಕಾಣುತ್ತದೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ಎಂಬ ಹವ್ಯಾಸಿ 2003ರಲ್ಲಿ ‘ಬಿಟ್‌ಎಕ್ಸ್’ ಎಂಬ ಒಂದು ಯಂತ್ರದ ನಕ್ಷೆ ರೂಪಿಸಿದರು. ಕೇಳುವುದು, ಮಾತಾಡುವುದು ಎರಡೂ ಒಂದರಲ್ಲೇ. ಬೆಲೆಬಾಳುವ ವಿದೇಶಿ ಸಾಮಾನು ಸಿಗದ ಊರಿನವರೂ ಕಟ್ಟಬೇಕೆಂದು, ಸಾಮಾನ್ಯ ಅಂಗಡಿಗಳಲ್ಲಿ ಸಿಗುವ ಬಿಡಿಭಾಗಗಳಿಂದಲೇ ಅದನ್ನು ಯೋಚಿಸಿದ್ದರು. ಒಂದು ಸುರುಳಿಯನ್ನು ಸುತ್ತಲು ಅವರು ಬಳಸಿದ್ದು ಏನು ಗೊತ್ತೇ? ನೀರಿನ ನಲ್ಲಿಯ ವಾಶರ್! ನಕ್ಷೆಯನ್ನು ಬಚ್ಚಿಡದೆ ಎಲ್ಲರಿಗೂ ಕೊಟ್ಟರು. ಬೇರೆ ಬೇರೆ ದೇಶಗಳಲ್ಲಿ ಜನ ಅದನ್ನು ನೋಡಿ ಕಟ್ಟಿದರು. ಮುಂದೆ ಅದರ ಸಿದ್ಧ ಫಲಕಗಳು ಬಂದಾಗ ಸುರುಳಿಗಳನ್ನು ಕೈಯಿಂದ ಸುತ್ತಿದವರು ಹೈದರಾಬಾದಿನ ಮಹಿಳೆಯರ ಒಂದು ಗುಂಪು. ನಮ್ಮ ಹುಡುಗಿ ಆ ನಕ್ಷೆಯನ್ನೇ 7 ಮೆಗಾಹರ್ಟ್ಸ್‌ಗೆ ಹೊಂದಿಸಿಕೊಂಡು ಕಟ್ಟಿದ್ದಳು. ಸೋರುವ ನಲ್ಲಿಗೆಂದು ತಂದಿಟ್ಟ ವಾಶರ್ ಡಬ್ಬಿಯಿಂದ ಒಂದು ಕಡಿಮೆಯಾದದ್ದು ನನ್ನ ತಂಗಿಗೆ ಬಹಳ ದಿನ ಒಗಟಾಗಿತ್ತು.

ತೆಳ್ಳನೆಯ ತಂತಿಯನ್ನು ಒಂದರ ಮೇಲೊಂದು ಬೀಳದಂತೆ, ಎಣಿಕೆ ತಪ್ಪದಂತೆ ವಾಶರಿಗೆ ಸುತ್ತುವುದು ಸುಲಭದ ಕೆಲಸವಲ್ಲ. ಅಥಣಿಯಲ್ಲಿ ಚಪ್ಪಲಿಯ ಚರ್ಮದ ಎಳೆ ಹೆಣೆಯುವ ಕೈ, ನಿಪ್ಪಾಣಿಯಲ್ಲಿ ಎಲೆ ಮಡಿಸಿ ಬೀಡಿ ಕಟ್ಟುವ ಕೈ, ಶಾವಿಗೆ ಹೊಸೆಯುವ ಕೈ ಇದನ್ನು ಒಂದು ದಿನದಲ್ಲಿ ಕಲಿತೀತು. ಆ ಬೆರಳುಗಳ ಜಾಣತನ ನಮಗೆ ಕೂಲಿಯ ಲೆಕ್ಕದಲ್ಲಿ ಮಾತ್ರ ಕಾಣುತ್ತದೆ. ಅದೇ ಬೆರಳುಗಳು ತಮಗಾಗಿ, ತಮ್ಮ ಕುತೂಹಲಕ್ಕಾಗಿ ಏನಾದರೂ ಸುತ್ತಿದರೆ ಹೇಗಿದ್ದೀತು ಎಂದು ನಾವು ಯೋಚಿಸಿಯೇ ಇಲ್ಲ.

ಇನ್ನು, ಹವ್ಯಾಸವನ್ನು ನ್ಯಾಯವಾಗಿ ನಡೆಸುವುದು ಹೇಗೆ? ಇದಕ್ಕೆ ಉತ್ತರ ಹುಡುಕುತ್ತ ನಾನು ಹುಡುಗಿಯ ಪರೀಕ್ಷೆಯ ಪುಸ್ತಕ ತಿರುವಿದೆ. ಹ್ಯಾಮ್‌ಗಳ ನಡವಳಿಕೆ ಚಿಕ್ಕದು, ಆದರೆ ಸೊಗಸಾದದ್ದು. ಮಾತಾಡುವ ಮೊದಲು ಕೇಳಬೇಕು. ಆ ಜಾಗದಲ್ಲಿ ಬೇರೆಯವರು ಮಾತಾಡುತ್ತಿದ್ದರೆ ನಡುವೆ ಬಾಯಿ ಹಾಕಬಾರದು. ತನ್ನ ಗುರುತು ಹೇಳದೆ ಮಾತಾಡಬಾರದು. ಎಷ್ಟು ಶಕ್ತಿ ಸಾಕೋ ಅಷ್ಟನ್ನೇ ಬಳಸಬೇಕು. ಪಿಸುಮಾತು ಮುಟ್ಟುವ ಕಡೆ ಅರಚಬಾರದು. ತನಗೆಂದು ಆಡದ ಮಾತು ಕಿವಿಗೆ ಬಿದ್ದರೆ ಅದನ್ನು ಇನ್ನೊಬ್ಬರಿಗೆ ದಾಟಿಸಬಾರದು. ಸಂಕಟದಲ್ಲಿರುವವರ ಕರೆ ಕೇಳಿದರೆ ತನ್ನ ಮಾತು ಅಲ್ಲಿಗೇ ನಿಲ್ಲಿಸಿ ಅವರಿಗೆ ದಾರಿ ಬಿಡಬೇಕು. ನಮ್ಮ ಓಣಿಗಳಲ್ಲಿ ಈ ನಿಯಮಗಳು ಜಾರಿಗೆ ಬಂದರೆ ಎಷ್ಟು ಮನೆಗಳ ಜಗಳ ತಪ್ಪೀತೋ! ಮುಖ್ಯವಾದ ಮಾತೆಂದರೆ ಈ ಯಾವ ನಿಯಮವೂ ‘ನಿನ್ನ ಮಾತಿನಿಂದ ಏನು ಉಪಯೋಗ?’ ಎಂದು ಕೇಳುವುದಿಲ್ಲ. ‘ನಿನ್ನಿಂದ ಬೇರೆಯವರಿಗೆ ತೊಂದರೆಯಾಗುತ್ತಿದೆಯೇ? ನಿನ್ನ ಕೆಲಸಕ್ಕೆ ನೀನು ಹೆಸರು ಕೊಟ್ಟು ಹೊಣೆ ನಿಲ್ಲುತ್ತೀಯಾ?’ ಎಂದು ಮಾತ್ರ ಕೇಳುತ್ತದೆ. ಪಕ್ಕದ ಮನೆಯ ವೈನಿಯ ಮುಂದೆ ನಿಂತು ತಂತಿಯ ಅಪಾಯವನ್ನೂ ಸೇರಿಸಿ ಎಲ್ಲ ಹೇಳಿದಾಗ ಹುಡುಗಿ ಈ ಹೊಣೆಯನ್ನೇ ಹೊತ್ತದ್ದು. ಕೊಂಡುತಂದ ವಸ್ತು ಕೆಟ್ಟರೆ ಕಂಪನಿಯನ್ನು ಬೈಯಬಹುದು. ಕೈಯಾರೆ ಕಟ್ಟಿದ್ದಕ್ಕೆ ಕೈಯೇ ಜವಾಬು.

ಪಾತ್ರೆಯ ವಿಷಯವನ್ನೂ ನಾನು ಹುಡುಗಿಗೆ ಹೇಳಿದೆ. ‘ದೊಡ್ಡವ್ವ, ಅವ್ವಗ ನಾ ಹೇಳೇ ಇಲ್ಲ ತೊಳಿ ಅಂತ’ ಎಂದಳು ಮೊದಲು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೇಳದ ಮಾಡಿದ್ರೂ ಮಾಡಿದ್ದs ಅಲ್ಲ?’ ಎಂದಳು. ಅಂದಿನಿಂದ ರಾತ್ರಿಯ ಪಾತ್ರೆ ಅಣ್ಣ-ತಂಗಿಯರ ಪಾಲಿಗೆ ಬಂತು. ಅಣ್ಣ ಸುಲಭಕ್ಕೆ ಒಪ್ಪಲಿಲ್ಲ. ಅದು ಬೇರೆಯೇ ಕಥೆ, ಅದರಲ್ಲಿ ಆಯಿಯ ಪಾತ್ರವೂ ಇದೆ.

ಹಾಗೆ ಬಿಡುವಾದ ಒಂದು ರಾತ್ರಿ ನನ್ನ ತಂಗಿ ಮೊದಲ ಸಲ ಮಗಳ ಪಕ್ಕದಲ್ಲಿ ಕುಳಿತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ನಾನೂ ಅಲ್ಲಿಯೇ ಇದ್ದೆ. ಮೊದಲು ಎಣ್ಣೆಯಲ್ಲಿ ಹಪ್ಪಳ ಕರಿದಂಥ ಸದ್ದು, ಅದರ ನಡುವಿನಿಂದ ಯಾರದೋ ದನಿ. ಎಲ್ಲಿಯವನೋ ಏನೋ, ತನ್ನ ಗುರುತು ಹೇಳಿ, ಯಾರಾದರೂ ಇದ್ದೀರಾ ಎಂದು ಕರೆಯುತ್ತಿದ್ದ. ಮಗಳು ಉತ್ತರ ಕೊಟ್ಟಳು. ಇಂಥ ಮಾತುಕತೆಯಲ್ಲಿ ಮೊದಲು ಹೇಳುವುದು ಒಂದೇ: ನಿಮ್ಮ ದನಿ ನನಗೆ ಹೇಗೆ ಕೇಳಿಸುತ್ತಿದೆ. ಸ್ಪಷ್ಟವೋ, ಮಸುಕೋ, ಎಷ್ಟು ಬಲವಾಗಿದೆ ಎಂದು ಅಂಕಿಯಲ್ಲಿ ಹೇಳಬೇಕು. ಹೆಸರು, ಊರು, ಹವೆ ಎಲ್ಲ ಆಮೇಲೆ. ಹಾಗೆಂದು ಮಗಳು ಬಿಡಿಸಿ ಹೇಳಿದಾಗ ನನ್ನ ತಂಗಿ, ‘ಮೊದಲ ಇದನ್ನs ಹೇಳ್ತಾರೇನು?’ ಎಂದು ಎರಡು ಸಲ ಕೇಳಿದಳು. ಮದುವೆಯಾಗಿ ಇಪ್ಪತ್ತೈದು ವರ್ಷವಾಗಿದೆ ಆಕೆಗೆ. ಅವಳು ಯಾಕೆ ಎರಡು ಸಲ ಕೇಳಿದಳೆಂದು ನಾನು ಕೇಳಲಿಲ್ಲ.

ಆ ರಾತ್ರಿ ಅದರಿಂದ ಏನೂ ಬರಲಿಲ್ಲ. ಹೊಳೆ ಬಂದಿರಲಿಲ್ಲ, ಯಾರ ಜೀವವೂ ಉಳಿಯಲಿಲ್ಲ, ಒಂದು ಪೈಸೆಯೂ ಹುಟ್ಟಲಿಲ್ಲ. ಇಬ್ಬರು ಅಪರಿಚಿತರು ಒಬ್ಬರ ದನಿ ಇನ್ನೊಬ್ಬರಿಗೆ ಮುಟ್ಟಿತೆಂದು ಹೇಳಿಕೊಂಡರು. ಒಬ್ಬ ತಾಯಿ ಕೈ ಕಟ್ಟಿಕೊಂಡು, ಕೆಲಸವಿಲ್ಲದೆ, ಅದನ್ನು ಕೇಳುತ್ತ ಕುಳಿತಳು. ಇದಕ್ಕೆ ಬೆಲೆ ಇದೆಯೇ ಎಂದರೆ ಇದೆ ಎಂದೇ ನನ್ನ ಉತ್ತರ. ಮುಂದೆಂದೋ ಉಪಯೋಗಕ್ಕೆ ಬರುತ್ತದೆಂದು ಅಲ್ಲ. ಉಪಯೋಗಕ್ಕೆ ಬರುವುದಷ್ಟೇ ಮನುಷ್ಯಳ ಬೆಲೆಯಾದರೆ ಕೈಲಾಗದ ದಿನ ಅವಳ ಬೆಲೆ ಏನಾಗುತ್ತದೆ ಎಂಬ ಭಯ ನಮಗೆಲ್ಲ ಒಳಗೊಳಗೇ ಇದೆ. ದಿನಕ್ಕೆ ಒಂದು ತಾಸು ಲೆಕ್ಕಕ್ಕೆ ಸಿಗದ ಕೆಲಸದಲ್ಲಿ ಕುಳಿತವರಿಗೆ ಆ ಭಯ ಸ್ವಲ್ಪ ಕಡಿಮೆಯಾಗುತ್ತದೆ.

ನಿಮ್ಮ ಮನೆಯಲ್ಲಿಯೂ ಯಾರಾದರೂ ಇಂಥದೇ ಯಾವುದಾದರೊಂದು ಹುಚ್ಚು ಹಚ್ಚಿಕೊಂಡಿರಬಹುದು. ಅವರು ಪಕ್ಕದವರಿಗೆ ತೊಂದರೆ ಕೊಡುತ್ತಿದ್ದರೆ ತಡೆಯಿರಿ. ತಮ್ಮ ಪಾತ್ರೆಯನ್ನು ನಿಮ್ಮ ಕೈಗೆ ದಾಟಿಸಿದ್ದರೆ ತಿರುಗಿ ಅವರ ಕೈಗೆ ಕೊಡಿರಿ. ಎರಡೂ ಇಲ್ಲದಿದ್ದರೆ, ಏನು ಬರುತ್ತದೆಂದು ಕೇಳುವ ಮೊದಲು ಒಂದು ಗಳಿಗೆ ಪಕ್ಕದಲ್ಲಿ ಕುಳಿತು ಏನು ಕೇಳಿಸುತ್ತದೆಂದು ನೋಡಿರಿ. ಮತ್ತು ಅಟ್ಟದ ಮೇಲಿರುವ ನಿಮ್ಮ ಆ ಹಳೆಯ ಪೆಟ್ಟಿಗೆಯ ಬೀಗದ ಕೈ ಎಲ್ಲಿದೆಯೆಂದು ಹುಡುಕಿ ಇಟ್ಟುಕೊಳ್ಳಿರಿ.